ಪಾದ್ರಿ ಥರ್ಲ್‌ಬಿ ಔಟಾದದ್ದು

ಕೇಂಬ್ರಿಜ್ ಪರವಾಗಿ ಆಡಿ ಆಕ್ಸ್‌ಫರ್ಡಿನ ಮೇಲೆ ಎಪ್ಪತ್ತೊಂದು ಓಟ ಹೊಡೆದ ಎಡ್ಮಂಡ್ ಥರ್ಲ್‌ಬಿ, ಆಮೇಲೆ ಪಾದ್ರಿಯಾಗಿ ಡಾರ್ಸೆಟ್ ಸೀಮೆಯ ಒಂದು ಹಳ್ಳಿಗೆ ಬಂದ. ಇಪ್ಪತ್ತು ವರ್ಷ ಕಳೆದರೂ ಹಳ್ಳಿಯ ಒಬ್ಬ ಬೌಲರನೂ ಅವನನ್ನು ಔಟ್ ಮಾಡಿರಲಿಲ್ಲ. ಅದರ ಜಂಬ ಅವನಿಗೆ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ?

ಹನ್ನೊಂದು ವರ್ಷದ ಹಿಂದೆ ಕಮ್ಮಾರ ಜೋಬ್ ಪಿಚರ್ಡನ ಮೂರು ದಿನದ ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಉಸಿರು ನಿಲ್ಲೋದರೊಳಗೆ ನೀರು ಚಿಮುಕಿಸಿ, ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿ ಎಂದು ಜೋಬ್ ಮೈದಾನಕ್ಕೇ ಓಡಿಬಂದ. ಥರ್ಲ್‌ಬಿ ಆಗ ತೊಂಬತ್ತನಾಲ್ಕು ಓಟ ಹೊಡೆದು ಆಡುತ್ತಿದ್ದ, ನೂರಕ್ಕೆ ಆರೇ ಬಾಕಿ. "ಈ ಓವರ್ ಒಂದು ಮುಗೀಲಿ, ಜೋಬ್" ಅಂದ. ಅವನು ಮನೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ದೀಕ್ಷಾಸ್ನಾನವಾಗದ ಶವಕ್ಕೆ ಪ್ರಾರ್ಥನೆ ಓದುವಂತಿಲ್ಲ, ಅದು ಚರ್ಚಿನ ಕಟ್ಟಳೆಯಂತೆ. ಥೂ! ಚರ್ಚಿನ ಬಡಗು ಗೋಡೆಯ ಪಕ್ಕದ ತುರಿಕೆ ಗಿಡಗಳ ನಡುವೆ ಅಪ್ಪನೇ ಗುಂಡಿ ತೋಡಿ ಮುಚ್ಚಿದ. ಮತ್ತೆ ಅವನು ಚರ್ಚಿನ ಹೊಸ್ತಿಲು ತುಳಿಯಲಿಲ್ಲ.

ಈ ಸಲ ಮೇಲುಕೇರಿ, ಕೆಳಕೇರಿಗಳ ಪಂದ್ಯದಲ್ಲಿ ಜೋಬ್ ಚೆಂಡು ಹಿಡಿದು ನೇರ ಥರ್ಲ್‌ಬಿಯ ಎದುರಿಗೇ ಬಂದು ನಿಂತ.

"ಅಯ್ಯನವರೇ, ನಿಮ್ಮನ್ನ ಔಟ್ ಮಾಡಿದ್ರೆ ನನ್ನ ಮಗಳ ಗುಂಡಿ ಹತ್ರ ಪ್ರಾರ್ಥನೆ ಓದ್ತೀರಾ?"

"ಬಿಷಪ್ಪರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಜೋಬ್."

"ಹೋಗ್ಲಿ. ಓದ್ತೀರೋ ಇಲ್ವೋ?"

"ಓದ್ತೀನಿ."

"ಅಯ್ಯೋ ಪಾಪ ಅಂತ ಬೇಕಂತ್ಲೇ ಔಟಾದ್ರೆ ನೋಡಿ ಮತ್ತೆ! ನಿಮ್ಮ ಭಿಕ್ಷೆ ನಂಗೆ ಬೇಡ."

ಮೊದಲ ಚೆಂಡು ಪಕ್ಕೆಲುಬಿಗೆ ಬಡಿಯಿತು. ಎರಡನೆಯದು ಕಿವಿಯನ್ನು ಸವರಿಕೊಂಡು ಹೋಯಿತು. ಔಟಾಗಿಬಿಡಬಾರದೇ ಎಂದು ಥರ್ಲ್‌ಬಿಯ ಜೀವ ಬಡಿದುಕೊಳ್ಳುತ್ತಿತ್ತು. ಹಾಳು ಕೈಗಳು ಮಾತ್ರ ಮಾತು ಕೇಳದೆ ಚೆಂಡನ್ನು ತಡೆಯುತ್ತಲೇ ಇದ್ದವು. ಬೇಲಿಯ ಬಳಿ ಜೋಬನ ಹೆಂಡತಿ ಮಾರ್ತಾ ಸೊಂಟಕ್ಕೆ ಕಟ್ಟಿದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತಾ ನಿಂತಿದ್ದಳು.

ಐದನೇ ಓವರಿನಲ್ಲಿ ಚೆಂಡು ಥಟ್ಟನೆ ಪುಟಿಯಿತು. ಚೆಂಡಿಗೂ ಬ್ಯಾಟಿನ ಹಿಡಿಗೂ ನಡುವೆ ಸಿಕ್ಕಿ ಬೆರಳು ಜಜ್ಜಿತು. ವಿಕೆಟ್ ಕೀಪರ್ ಚೆಂಡು ಹಿಡಿದು ಔಟ್ ಎಂದು ಕೂಗಿದ.

ಅಂಪೈರ್ ಆಬೆಲ್ ಚರ್ಚಿನ ಗುಮಾಸ್ತ, ಪಾದ್ರಿಯ ನಂಬಿಕಸ್ಥ. "ಔಟಿಲ್ಲ! ತೋಳಿಗೆ ತಾಗಿದ್ದು!" ಅಂದ.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ, ಮನೆ ಎಲ್ಲಾ ಉಳಿಯುತ್ತಿತ್ತು. ಥರ್ಲ್‌ಬಿ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

"ಬೆರಳಿಗೆ ತಾಗ್ತು, ಆಬೆಲ್. ಬ್ಯಾಟ್ ಹಿಡಿದ ಬೆರಳಿಗೆ ತಾಗಿದ್ರೆ ಔಟೇ."

ಜೋಬ್ ಅಡ್ಡಗಟ್ಟಿದ. "ಸುಳ್ಳು! ನನ್ನ ಮೇಲೆ ಕನಿಕರಾನಾ?"

ಥರ್ಲ್‌ಬಿ ಕೈಗವಸು ಕಿತ್ತು ತೋರಿಸಿದ. ಉಗುರು ಸೀಳಿ ರಕ್ತ ಸುರಿಯುತ್ತಿತ್ತು. ಜೋಬ್ ಅದನ್ನೇ ನೋಡಿ, ದಾರಿ ಬಿಟ್ಟ.

ಕಾಲಿನ ಪ್ಯಾಡನ್ನೂ ಬಿಚ್ಚದೆ ಥರ್ಲ್‌ಬಿ ಚರ್ಚಿನಿಂದ ಪ್ರಾರ್ಥನೆ ಪುಸ್ತಕ ತಂದು ಬಡಗು ಗೋಡೆಯ ಬಳಿ ಹೋಗಿ ತೆರೆದ. ಜೋಬ್, ಮಾರ್ತಾ, ಆಬೆಲ್ ಹಿಂದೆಯೇ ಬಂದರು. "ಓದ್ಬೇಡಿ ಅಯ್ಯನವರೇ, ಹಾಳಾಗ್ತೀರಾ!" ಎಂದು ಆಬೆಲ್ ಗೋಗರೆದ. ಥರ್ಲ್‌ಬಿ ಕಿವಿಗೊಡಲಿಲ್ಲ.

"ಮಗುವಿನ ಹೆಸರೇನು?" ಎಂದು ಕೇಳಿದ.

ಮಾರ್ತಾ ಅವನ ಮುಖವನ್ನೇ ನೋಡಿದಳು. "ಹೆಸ್ಟರ್. ಅವತ್ತೇ ಹೆಸರು ಇಟ್ಕೊಂಡು ಕಾಯ್ತಾ ಇದ್ವಿ. ನೀವು ಹೊತ್ತಿಗೆ ಬರ್ಲಿಲ್ಲ."

ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಥರ್ಲ್‌ಬಿ ಬಾಯಿಪಾಠವಾಗಿ ಹೇಳಿ ಮುಗಿಸಿದ.

ಸುಗ್ಗಿ ಮುಗಿಯುವ ಹೊತ್ತಿಗೆ ಬಿಷಪ್ಪರು ಅವನನ್ನು ಕೆಲಸದಿಂದ ತೆಗೆದರು. ಸಾಮಾನು ಸಾಗಿಸಲು ಗಾಡಿ ಹೂಡಿಕೊಂಡು ಬಂದವನು ಜೋಬ್.