ಕಾಯುವ ಪಾಠ

ಹೈದರಾಬಾದಿನ ಉಪ್ಪಲ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಕಲಬುರಗಿಯ ಆ ತಾಯಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಹೇಳುವಾಗ ಒಮ್ಮೆಯೂ ಕೂತವರಲ್ಲ. ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಲೇ ಇರುತ್ತಿದ್ದರು. ಯಾರಾದರೂ ಕುರ್ಚಿ ಎಳೆದುಕೊಟ್ಟರೆ, “ಕುಂತ್ರ ಇತಿಹಾಸ ತಲಿಗೆ ಹತ್ತಂಗಿಲ್ರಿ” ಎನ್ನುತ್ತಿದ್ದರು.

ಯಾವ ಹಬ್ಬ ಬಂತೋ ಅದರ ಚರಿತ್ರೆಯೇ ಆ ವಾರದ ಪಾಠ. ಆದರೆ ಆಗಸ್ಟ್ ಹದಿನೈದಕ್ಕೆ ಇಡೀ ಬೀದಿ ಬಾವುಟ ಕಟ್ಟಿದರೂ ಅವರ ಬಾಲ್ಕನಿ ಬರಿದಾಗಿತ್ತು. ಯಾಕೆಂದು ಕೇಳಿದೆ.

“ನಮ್ಮ ಕಲಬುರಗಿ, ಈ ಹೈದರಾಬಾದು, ಎರಡೂ ಆಗ ನಿಜಾಮನ ಕೈಯಾಗ ಇದ್ದವ್ರಿ. ನಮ್ಮ ಮಂದಿ ಇನ್ನೂ ಒಂದು ವರ್ಷದ ಮ್ಯಾಲೆ ಕಾದಾರ. ನಿಜಾಮ ಶರಣಾದ ಸಪ್ಟೆಂಬರ್ ಹದಿನೇಳರ ತನಕ ನನ್ನ ಹುಡುಗೇರೂ ಕಾಯ್ಲಿ, ತಿಳೀತದ.” ಮಾತು ಮುಗಿಯುವಷ್ಟರಲ್ಲಿ ಅಡುಗೆಮನೆ ತಲುಪಿ ತಿರುಗಿ ಬಂದಿದ್ದರು.

ಅಷ್ಟರಲ್ಲಿ ಕಿರಿಯವಳು ತಾನು ಬಣ್ಣ ಹಚ್ಚಿದ್ದ ಕಾಗದದ ಬಾವುಟವನ್ನು ಬಾಲ್ಕನಿಯ ಸರಳಿಗೆ ಸಿಕ್ಕಿಸಿಬಿಟ್ಟಿದ್ದಳು. ತಾಯಿ ದಡಬಡಿಸಿ ಹೋಗಿ ಕೀಳಲು ಕೈ ಚಾಚಿದರು.

“ಬ್ಯಾಡವ್ವಾ,” ಎಂದಳು ಹುಡುಗಿ. “ಕಾಯಕೋತನೇ ಸತ್ತವ್ರೂ ಇದ್ರು ಅಂತ ನೀನೇ ಹೇಳಿದ್ದಿ. ಇದು ಅವರ ಸಲುವಾಗಿ.”

ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ಅವರು ಸೌಟು ಹಿಡಿದುಕೊಂಡೇ ಬಾಲ್ಕನಿಯ ಹೊಸ್ತಿಲ ಮೇಲೆ ಕೂತುಬಿಟ್ಟರು.