ಬ್ರೇಕಿನ ಕರಕರ ಕೇಳಿಸಿಕೊಂಡ ಆಟೊ ಅಕ್ಕ

ಗುಬ್ಬಿ ಬಸ್ ನಿಲ್ದಾಣದ ಎದುರು ಹೆಂಗಸೊಬ್ಬರು ತಮ್ಮ ಆಟೊವನ್ನು ನನ್ನ ಸ್ಕೂಟರಿಗೆ ಅಡ್ಡ ನಿಲ್ಲಿಸಿ, ಇಳಿದು ಬಂದವರೇ ನನ್ನ ಗಾಡಿಯ ಕೀ ತಿರುಗಿಸಿ ಎಂಜಿನ್ ಆರಿಸಿದರು. ಹಿಂದೆ ಕೂತಿದ್ದ ಮಗಳು ಬೆಚ್ಚಿ ನನ್ನ ಸೊಂಟ ಹಿಡಿದುಕೊಂಡಳು.

"ಮುಂದಿನ ಚಕ್ರ ಕರಕರ ಅಂತೈತೆ, ಕೇಳಿಸ್ತಿಲ್ವೇನಮ್ಮ?" ಎಂದರು.

ವಾರದಿಂದ ಕೇಳಿಸುತ್ತಿತ್ತು. ಧೂಳಿರಬೇಕು, ತುಮಕೂರಿಗೆ ಹೋಗಿ ತೊಳೆಸಿದರಾಯಿತು ಎಂದು ಸಿಡುಕಿಯೇ ಹೇಳಿದೆ.

ಅವರು ನಮ್ಮನ್ನು ಇಳಿಸಿ ಸ್ಕೂಟರನ್ನು ತಳ್ಳಿದರು; ಸದ್ದಿರಲಿಲ್ಲ. ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ತಳ್ಳಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತಾಯಿತು.

"ಧೂಳೋ ಕಲ್ಲೋ ಸಿಕ್ಕಿದ್ರೆ ಸುಮ್ನೆ ತಳ್ಳಿದ್ರೂ ಸದ್ದು ಬರೋದು. ಇದು ಬ್ರೇಕ್ ಹಿಡಿದ್ರೆ ಮಾತ್ರ ಬರ್ತೈತೆ. ಪ್ಯಾಡ್ ಪೂರ್ತಿ ಸವೆದೋಗೈತೆ. ಮಗೂನ ಕೂರಿಸ್ಕೊಂಡು ಹೈವೇಗೆ ಹೋಗ್ಬೇಡಿ."

ಪಕ್ಕದ ಗ್ಯಾರೇಜಿಗೆ ಅವರೇ ತಳ್ಳಿಕೊಂಡು ಬಂದರು. ಬಿಚ್ಚಿಸಿದಾಗ ಪ್ಯಾಡಿನಲ್ಲಿ ಬರೀ ಲೋಹದ ತಗಡು ಉಳಿದಿತ್ತು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಆ ಅಕ್ಕನನ್ನು ಕೇಳಿದೆ.

"ನಮ್ಮಣ್ಣನ ಬೈಕೂ ಹಿಂಗೇ ಅಂತಿತ್ತು. ಮನೇಲಿ ಎಲ್ರಿಗೂ ಕೇಳಿಸ್ತಿತ್ತು, ಯಾರೂ ಹೇಳ್ಲಿಲ್ಲ. ಈಗ ಅಣ್ಣ ಇಲ್ಲ," ಎಂದು ಆಟೊ ಹತ್ತಿದರು.

ಈಗ ರಸ್ತೆಯಲ್ಲಿ ಯಾರ ಗಾಡಿ ಆ ಸದ್ದು ಮಾಡಿದರೂ ನಾನು ತಡೆದು ನಿಲ್ಲಿಸುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ. ನಾನು ಹೇಳುವುದನ್ನು ಬಿಟ್ಟಿಲ್ಲ.