ಹುಲಿಗೆವ್ವಳ ಕೆಂಪು ಗೆರೆಗಳು

೧೯೪೬ರಲ್ಲಿ ಧಾರವಾಡದ ಸೈನಿಕರ ಕಚೇರಿಯೊಂದರಲ್ಲಿ ಚನ್ನಯ್ಯನಷ್ಟು ಚುರುಕಿನ ಕಾರಕೂನ ಇನ್ನೊಬ್ಬನಿರಲಿಲ್ಲ. ಯುದ್ಧ ಮುಗಿಸಿ ಬಂದವರ, ಬಾರದೇ ಉಳಿದವರ ಪಿಂಚಣಿ ಅರ್ಜಿಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ತಿಂಗಳಿಗೆ ಅರವತ್ತು ಅರ್ಜಿ ನಿಕಾಲಿ ಆಗಬೇಕೆಂದು ಸಾಹೇಬರ ಹುಕುಂ. ಗೋಡೆಗೆ ಒಂದು ತಖ್ತೆ; ಅರ್ಜಿ ಮುಗಿದರೆ ಒಂದು ಕೆಂಪು ಗೆರೆ. ಮಂಜೂರಾದರೂ ಒಂದೇ ಗೆರೆ, ತಿರಸ್ಕರಿಸಿದರೂ ಒಂದೇ ಗೆರೆ. ಮಂಜೂರಿಗೆ ಹನ್ನೊಂದು ಕಾಗದ ಬರೆಯಬೇಕು, ತಿರಸ್ಕಾರಕ್ಕೆ ಒಂದು ಸಾಲು ಸಾಕು. ಚನ್ನಯ್ಯನೇನು ದಡ್ಡನೆ? ನಾಲ್ಕು ತಿಂಗಳು ಸಾಲಾಗಿ ಅರವತ್ತು ಮುಟ್ಟಿಸಿದರೆ ಹಂಗಾಮಿ ನೌಕರಿ ಕಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಮೂರು ತಿಂಗಳು ಮುಟ್ಟಿಸಿಯೂ ಆಗಿತ್ತು.

ಆ ಮೂರರಲ್ಲೂ ಅರವತ್ತನೆಯ ಗೆರೆ ಅಮರಗೋಳದ ಹುಲಿಗೆವ್ವಳದು. ಅವಳ ಗಂಡ ಬರ್ಮಾದಲ್ಲಿ ಒಂದು ಕಾಲು ಬಿಟ್ಟು ಬಂದಿದ್ದ. ಗಾಯ ಮಾಯದೆ ಹಾಸಿಗೆ ಹಿಡಿದಿದ್ದರಿಂದ ಅವಳೇ ನಡೆದು ಬರುತ್ತಿದ್ದಳು. ಸಿಪಾಯಿಯ ಬದಲಿಗೆ ಬಂದವರು ಅವನ ಹೆಸರನ್ನು ಸ್ವಂತ ಬಾಯಿಂದ ಹೇಳಬೇಕೆಂಬುದು ಕಾಯದೆ.

"ಗಂಡನ ಹೆಸರೇನವಾ?"

"ಕಾಗದದಾಗ ಐತಲ್ರೀ ಯಪ್ಪಾ."

"ಕಾಗದಕ್ಕ ಬಾಯಿಲ್ಲ. ನೀ ಹೇಳಬೇಕು."

ಅವಳು ತಲೆ ತಗ್ಗಿಸುತ್ತಿದ್ದಳು. 'ಅರ್ಜಿದಾರಳಿಗೆ ಸಿಪಾಯಿಯ ಹೆಸರು ತಿಳಿಯದು' ಎಂದು ಚನ್ನಯ್ಯ ಬರೆಯುತ್ತಿದ್ದ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾದೀತೆಂದು ನಮ್ಮ ಹೆಂಗಸರು ಅಂಜುವುದು ಅವನಿಗೆ ತಿಳಿಯದ್ದೇನಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ಹೆಂಡತಿ ಗೌರಕ್ಕ "ಏನ್ರೀ" ಬಿಟ್ಟು ಬೇರೆ ಕರೆದವಳಲ್ಲ. ಇವನದು ಜಾಣಕುರುಡು. ಮತ್ತೆ ಅರ್ಜಿ ಹಾಕಿದರೆ ಹೊಸ ಅರ್ಜಿ, ಹೊಸ ಗೆರೆ. ತಿಂಗಳ ಕೊನೆ ಬಂತೆಂದರೆ ಪುಣ್ಯಾತ್ಮ ಹುಲಿಗೆವ್ವಳ ದಾರಿ ಕಾಯುತ್ತಿದ್ದ.

ನಾಲ್ಕನೆಯ ತಿಂಗಳು ಮುಗಿಯಲು ಒಂದು ದಿನವಿತ್ತು. ಅಂದು ಮನೆಯಲ್ಲಿ ಬಸುರಿ ಮಗಳ ಕುಬಸ. ಓಣಿಯ ಹೆಂಗಸರು ಗೌರಕ್ಕನನ್ನು ಬಾಗಿಲಲ್ಲೇ ತಡೆದು, "ಒಡಪು ಹೇಳಿದ್ರ ಒಳಗ," ಎಂದು ಪಟ್ಟು ಹಿಡಿದರು. ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಗೌರಕ್ಕ ನಾಚುತ್ತಲೇ ಹೇಳಿದಳು. ಕಟ್ಟೆಯ ಮೇಲೆ ಕುಳಿತಿದ್ದ ಚನ್ನಯ್ಯನಿಗೆ ತನ್ನ ಹೆಸರು ಅವಳ ಬಾಯಲ್ಲಿ ಕೇಳಿ ಎಲ್ಲಿಲ್ಲದ ಸುಖವಾಯಿತು. ಅದರ ಬೆನ್ನಿಗೇ ಹುಲಿಗೆವ್ವ ನೆನಪಾಗಿ, ಅರ್ಧ ತಿಂದ ಹೋಳಿಗೆಯನ್ನು ತಟ್ಟೆಗೇ ಇಟ್ಟ.

ಮರುದಿನ ತಖ್ತೆಯಲ್ಲಿ ಐವತ್ತೊಂಬತ್ತು ಗೆರೆ. ಹುಲಿಗೆವ್ವ ಬಂದಳು. ಪಟ್ಟೇವಾಲಾ ದಸ್ತಗೀರಸಾಬ ವಾಡಿಕೆಯಂತೆ ಕೆಂಪು ಶಾಯಿಯ ದೌತಿ ತಂದಿಟ್ಟ.

"ಒಡಪು ಹೇಳವಾ," ಎಂದ ಚನ್ನಯ್ಯ.

"ಇಲ್ಲೇನ್ರಿ? ಕಚೇರ್ಯಾಗ?"

"ಇಲ್ಲೇ. ಸರಕಾರ ಬಾಗಲದಾಗ ತಡದು ನಿಂತೈತಿ ಅಂತ ತಿಳ್ಕೊ."

ಅವಳು ಸೆರಗು ಹೊದ್ದು, ಅವನನ್ನೂ ಅವನ ಕುರ್ಚಿಯನ್ನೂ ಒಮ್ಮೆ ನೋಡಿ ಹೇಳಿದಳು:

"ಸರಕಾರದ ಕುರ್ಚಿಗೆ ಕಾಲು ನಾಕು,
ಒಂದ ಕಾಲಿನ ಹೊಳೆಯಪ್ಪನವರಿಗೆ ಪಿಂಚಣಿ ಬೇಕು."

"ವ್ಹಾ ರೇ ವ್ಹಾ!" ಎಂದ ದಸ್ತಗೀರಸಾಬ. ಚನ್ನಯ್ಯ ಸಂಜೆಯವರೆಗೆ ಕುಳಿತು ಹನ್ನೊಂದೂ ಕಾಗದ ಬರೆದ. ಮಂಜೂರಿಯ ಗೆರೆ ಮೇಲಿನ ಕಚೇರಿಯಿಂದ ಉತ್ತರ ಬಂದ ಮೇಲೆಯೇ. ಆ ತಿಂಗಳು ತಖ್ತೆ ಐವತ್ತೊಂಬತ್ತಕ್ಕೇ ನಿಂತಿತು.

ಮೂರು ತಿರಸ್ಕಾರಕ್ಕೆ ಬೆನ್ನು ತಟ್ಟಿದ್ದ ಸಾಹೇಬರು ಒಂದು ಮಂಜೂರಿಗೆ ಕೈಫಿಯತ್ತು ಕೇಳಿದರು: ಮೂರು ತಿಂಗಳು ತಿಳಿಯದಿದ್ದ ಹೆಸರು ಈಗ ಹೇಗೆ ತಿಳಿಯಿತು? ಚನ್ನಯ್ಯ ಬರೆದುಕೊಟ್ಟ: 'ಹೆಸರು ಆಕೆಗೆ ಗೊತ್ತಿತ್ತು. ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಹಿಂದಿನ ಮೂರು ಗೆರೆ ಅಳಿಸಬೇಕೆಂದು ವಿನಂತಿ.'

"ಗೆರಿ ಹಾಕಾಕ ಹುಕುಂ ಐತಿ, ಅಳಸಾಕ ಇಲ್ಲ," ಎಂದರು ಸಾಹೇಬರು. ನೌಕರಿ ಹಂಗಾಮಿಯಾಗಿಯೇ ಉಳಿಯಿತು.

ಸಂಕ್ರಾಂತಿಯ ಹೊತ್ತಿಗೆ ಮಂಜೂರಿ ಬಂತು, ತಖ್ತೆಗೆ ಅದರ ಗೆರೆಯೂ ಬಿತ್ತು. ಹುಲಿಗೆವ್ವ ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಸುರಿದಳು. ಗೋಡೆಯ ಕೆಂಪು ಗೆರೆಗಳು ಏನೆಂದು ಕೇಳಿದಳು.

"ಮುಗಿಸಿದ ಕೆಲಸದ ಗುರ್ತು," ಎಂದ ಚನ್ನಯ್ಯ.

"ಇದರಾಗ ನಂದು ಯಾವುದ್ರೀ ಯಪ್ಪಾ?"

ಚನ್ನಯ್ಯ ನಾಲ್ಕು ತೋರಿಸಬೇಕಾಗಿತ್ತು. ಒಂದನ್ನು ತೋರಿಸಿದ.